ಬೇವೂರಿನ ಮಟ್ಟಿಗೆ ಅವರು ಕ್ಲರ್ಕು

ಆ ದಿನ ನಮ್ಮ ಸಾಹೇಬರ ತಂಗಿ ಮಾತಾಡುವಾಗ ನನ್ನ ಮುಖ ನೋಡುತ್ತಿದ್ದರೋ, ನನ್ನ ಕುರ್ಚಿಯ ಪಕ್ಕ ನಿಂತಿದ್ದ ಸಾಹೇಬರ ಮುಖ ನೋಡುತ್ತಿದ್ದರೋ ಎಂಬುದು ನನಗೆ ಈಗ ಖಚಿತವಿಲ್ಲ. ಈ ಕಥೆಯನ್ನು ಗೆಳೆಯರಿಗೆ ಹಲವು ಸಲ ಹೇಳಿದ್ದೇನೆ. ಹೇಳಿದ ಪ್ರತಿ ಸಲವೂ ತಂಗಿಯ ಕಣ್ಣು ಇಷ್ಟಿಷ್ಟೇ ಅವರ ಕಡೆಗೆ ಹೊರಳಿದೆ. ಕಥೆಗೆ ಅದು ಒಪ್ಪುತ್ತದೆ. ಕಥೆಗೆ ಚೆನ್ನಾಗಿ ಒಪ್ಪುವುದನ್ನು ಮೊದಲು ಅನುಮಾನಿಸಬೇಕು ಎಂದು ಧಾರವಾಡದಲ್ಲಿ ಎಂ.ಎ. ಓದುವಾಗ ಕಲಿತಿದ್ದೆ. ಕಲಿತದ್ದರಲ್ಲಿ ಉಳಿದದ್ದು ಅದೊಂದೇ.

ಹೋದ ತಿಂಗಳು ಅವರು ನಿವೃತ್ತರಾದರು. ಬೇವೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರು ಕಟ್ಟಿದ ಫ್ಲೆಕ್ಸಿನ ಫೋಟೊ ವಾಟ್ಸಾಪಿನಲ್ಲಿ ಬಂತು. ಕಚೇರಿಯ ಹುಡುಗರು ಪ್ರೀತಿಯಿಂದ ಹಾಕಿಸಿದ್ದು. ಅದರಲ್ಲಿ ಅವರ ಹುದ್ದೆ ಅವರ ಮುಖಕ್ಕಿಂತ ದೊಡ್ಡದಾಗಿತ್ತು. ತಮ್ಮೂರಿನ ಮನುಷ್ಯ ಇಷ್ಟು ವರ್ಷ ಒಬ್ಬ ಅಧಿಕಾರಿಯಾಗಿದ್ದ ಎಂಬ ಸಂಗತಿ ಬೇವೂರಿಗೆ ತಿಳಿದದ್ದು ಹೀಗೆ, ಅಧಿಕಾರ ಮುಗಿದ ಮರುದಿನ. ಊರಿನ ಹಿರಿಯರೊಬ್ಬರು ಫ್ಲೆಕ್ಸಿನ ಕೆಳಗೆ ನಿಂತು, "ಏನಲೇ ಇಂವಾ, ಕೆಲಸ ಮಾಡಿಕೊಡೂದು ಬಿಟ್ಟ, ಕೆಲಸ ಐತಿ ಅಂತನೂ ಹೇಳಲಿಲ್ಲಲ್ಲೋ!" ಎಂದರಂತೆ.

ಬಾಗಲಕೋಟೆಯ ನವನಗರದಲ್ಲಿ ಅವರ ಕಚೇರಿ. ಇಲಾಖೆ ಯಾವುದು, ಅವರ ಹೆಸರೇನು ಎಂದು ಹೇಳುವುದಿಲ್ಲ. ಹೇಳದೆ ಇರುವ ಕಲೆಯಲ್ಲಿ ಅವರೇ ನನ್ನ ಗುರು. ಜಿಲ್ಲೆಯ ನರ್ಸುಗಳು, ಕಾಂಪೌಂಡರುಗಳು ಮೊದಲಾದವರ ವರ್ಗಾವಣೆ ಅರ್ಜಿಗಳು ಅವರ ಟೇಬಲ್ಲಿಗೆ ಬರುತ್ತಿದ್ದವು. ಅವರು 'ಮಾಡಬಹುದು' ಎಂದು ಬರೆದು ಮೇಲಕ್ಕೆ ಕಳಿಸಿದರೆ ಆದೇಶ ಹೊರಡುತ್ತಿತ್ತು. ಆದೇಶದ ಕೆಳಗೆ ಮೇಲಿನವರ ಸಹಿ ಇರುತ್ತಿತ್ತು. ಹೀಗಾಗಿ ಅವರ ಹೆಸರು ಹೊರಗೆಲ್ಲೂ ಕಾಣುತ್ತಿರಲಿಲ್ಲ. ಅದು ಅವರಿಗೆ ಬಹಳ ಅನುಕೂಲವಾಗಿತ್ತು. ನಾನು ಅಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಯಾವ ಕೆಲಸದಲ್ಲೂ ಹೆಚ್ಚು ದಿನ ನಿಂತವನಲ್ಲ. ಅಲ್ಲಿ ನಿಂತದ್ದು ಅವರನ್ನು ನೋಡುವ ಸುಖಕ್ಕೆ.

ಅವರು ಸುಳ್ಳು ಹೇಳಿದವರಲ್ಲ. ನಿಜವಾಗಿಯೂ ಕ್ಲರ್ಕಾಗಿಯೇ ಸೇರಿದ್ದರು. ಆಗ ಊರಿಗೆಲ್ಲ ಪೇಢೆ ಹಂಚಿದ್ದರು. ಆಮೇಲೆ ಇಲಾಖೆಯ ಪರೀಕ್ಷೆ ಬರೆದರು, ಬಡ್ತಿ ಬಂತು, ಅದರ ಮೇಲೊಂದು ಬಡ್ತಿ ಬಂತು. ಪೇಢೆ ಹಂಚಲಿಲ್ಲ, ಅಷ್ಟೆ. ಯಾಕೆಂದು ನಾನೊಮ್ಮೆ ಕೇಳಿದೆ.

"ಬೇವೂರಾಗ ನಮ್ಮ ಬಳಗ ಎಷ್ಟೈತಿ ಗೊತ್ತೈತೇನು ನಿನಗ?" ಎಂದರು. "ಬೀರಪ್ಪನ ಗುಡಿ ಮುಂದ ಕುಂತ್ರ ಎದ್ದ ಬರೂತನಕ ಬರೇ ಕಾಕಾ, ಮಾಮಾ, ಅಳಿಯಾ. ಒಬ್ಬರಿಗೆ ಹೂಂ ಅಂದ್ರ ಮುಗೀತು, ಇಡೀ ಗುಡೀನ ಎದ್ದ ಬರ್ತೈತಿ. ಕ್ಲರ್ಕನ ಕಡೆ ಯಾರೂ ಏನೂ ಕೇಳೂದಿಲ್ಲ ನೋಡು. ಚಹಾ ಕೇಳ್ತಾರ, ಕುಡಸೂದು."

ಮನೆ ಇಳಕಲ್ಲಿನಲ್ಲಿ, ಹೆಂಡತಿಯ ತವರಿನ ಪಕ್ಕದ ಓಣಿಯಲ್ಲಿ. ದಿನಾ ಬಸ್ಸಿನಲ್ಲೇ ಓಡಾಟ. ಕಚೇರಿಯ ಜೀಪು ಸಂಜೆ ಅವರನ್ನು ಬಸ್ ನಿಲ್ದಾಣದ ಒಂದು ತಿರುವು ಹಿಂದೆಯೇ ಇಳಿಸಬೇಕು ಎಂಬುದು ಡ್ರೈವರನಿಗೆ ಹೇಳಿದ್ದ ಕಟ್ಟಪ್ಪಣೆ. ಜೀಪಿನಿಂದ ಇಳಿಯುವಾಗ ಇದ್ದ ಸಾಹೇಬರು ಬಸ್ಸು ಹತ್ತುವಷ್ಟರಲ್ಲಿ ಕ್ಲರ್ಕ್ ಆಗಿರುತ್ತಿದ್ದರು. ನಡಿಗೆ ಕೂಡ ಬದಲಾಗುತ್ತಿತ್ತು ಎಂದು ಡ್ರೈವರ್ ಹೇಳುತ್ತಿದ್ದ; ಅವನು ಸ್ವಲ್ಪ ಉಪ್ಪು ಖಾರ ಹಚ್ಚಿ ಹೇಳುವ ಮನುಷ್ಯ.

ಒಂದು ಸಲ ಬೇವೂರಿನಿಂದ ಒಬ್ಬರು ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಅರ್ಜಿ ಹಿಡಿದು ಬಂದರು. ಕಿಟಕಿಯಿಂದ ಅವರನ್ನು ಕಂಡದ್ದೇ ನಮ್ಮ ಸಾಹೇಬರು ಹಳೆಯ ಕಡತಗಳ ಕೋಣೆಗೆ ನುಗ್ಗಿದರು. ಜವಾನರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಚಾಚಾ ಗಂಭೀರವಾಗಿ, "ಸಾಹೇಬ್ರು ಇಲ್ರಿ, ಟೂರ್ ಮ್ಯಾಲ ಅದಾರ," ಎಂದರು. ಬಂದವರು, "ಸಾಹೇಬ್ರನ್ನ ತಗೊಂಡ ಏನ್ ಮಾಡೂದೈತ್ರಿ? ನಮ್ಮೂರ ಹುಡುಗ ಒಬ್ಬ ಇಲ್ಲೆ ಕ್ಲರ್ಕ್ ಅದಾನಲ್ಲ, ಅವನ್ನ ಕರೀರಿ," ಎಂದರು. ಕೋಣೆಯ ಬಾಗಿಲು ತೆರೆಯಿತು. ಸಾಹೇಬರು ತಲೆಯ ಧೂಳು ಒರೆಸಿಕೊಳ್ಳುತ್ತ, "ಕಾಕಾ! ಯಾವಾಗ ಬಂದ್ರಿ?" ಎನ್ನುತ್ತ ಹೊರಬಂದರು. ಅರ್ಜಿ ಇಸಿದುಕೊಂಡು ತಮ್ಮದೇ ಖಾಲಿ ಕೋಣೆಗೆ ಹೋಗಿ, ಸ್ವಲ್ಪ ಹೊತ್ತು ಕೂತು, ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದರು.

"ಫೋನ್ ಹಚ್ಚಿ ಕೇಳಿದ್ನಿ ಕಾಕಾ. ಒಪ್ಪವಲ್ಲರು. ಭಾಳ ಕಟ್ಟುನಿಟ್ಟಿನ ಮನಷ್ಯಾ ಅಂವಾ."

"ಅವನ ಕಟ್ಟುನಿಟ್ಟಿಗೆ ಬೆಂಕಿ ಹತ್ತಲಿ," ಎಂದರು ಕಾಕಾ.

"ಹತ್ತಲಿ ಬಿಡ್ರಿ," ಎಂದು ಇವರು ಮನಸಾರೆ ಒಪ್ಪಿದರು.

ಊರಿಗೆ ಹೋದಾಗಲೂ ಗುಡಿಯ ಕಟ್ಟೆಯಲ್ಲಿ ಕೂತು ಎಲ್ಲರ ಜೊತೆ ತಮ್ಮ ಮೇಲಧಿಕಾರಿಯನ್ನು ಬಯ್ಯುತ್ತಿದ್ದರಂತೆ. ತನ್ನನ್ನು ತಾನೇ ಅಷ್ಟು ನಿರ್ವಂಚನೆಯಿಂದ ಬಯ್ದುಕೊಂಡ ಇನ್ನೊಬ್ಬ ಅಧಿಕಾರಿಯನ್ನು ನಾನು ಕಂಡಿಲ್ಲ.

ನೋಡಲು ಸಣಕಲು ಆಳು. ಕೂತ ತಕ್ಷಣ ಚಪ್ಪಲಿ ಬಿಚ್ಚಿ, ಕಾಲು ಮೇಲೆ ಮಡಚಿ, ಸಾಹೇಬರ ಕುರ್ಚಿಯಲ್ಲಿ ಜಗಲಿಯ ಮೇಲೆ ಕೂತಂತೆ ಕೂರುತ್ತಿದ್ದರು. ಯಾರು ಏನು ಕೇಳಿದರೂ ಉತ್ತರ ಒಂದೇ: "ನೋಡೂಣು." ಅದು ಹೂಂ ಅಲ್ಲ, ಊಹೂಂ ಅಲ್ಲ. ಆದರೆ ಅನ್ಯರ ಅರ್ಜಿಗಳನ್ನು ನಿಜವಾಗಿಯೂ ನೋಡುತ್ತಿದ್ದರು. ಸರದಿ ಪ್ರಕಾರ, ಯಾರ ಮಾತೂ ಕೇಳದೆ, ಒಂದು ಕಪ್ಪು ಚಹಾವನ್ನೂ ಮುಟ್ಟದೆ. ಅವರ ನಿಯಮ ಮುರಿಯುತ್ತಿದ್ದದ್ದು ಒಂದೇ ಕಡೆ. ಸ್ವಂತ ಬಳಗದ ಅರ್ಜಿ ಬಂದರೆ ಅದನ್ನು ಎತ್ತಿ ಕಟ್ಟಿನ ತಳಕ್ಕೆ ಇಡುತ್ತಿದ್ದರು. "ನಮ್ಮವರದು ಕಡೀಕ," ಎನ್ನುತ್ತಿದ್ದರು. ಸರ್ಕಾರಿ ಕಚೇರಿಯಲ್ಲಿ ಕಡೆ ಎಂಬುದು ಬರುವುದೇ ಇಲ್ಲ. ಮೇಲೆ ಹೊಸ ಅರ್ಜಿಗಳು ಬೀಳುತ್ತಲೇ ಇರುತ್ತವೆ.

ಆ ಕಟ್ಟಿನ ತಳದಲ್ಲಿ ಅವರ ಒಡಹುಟ್ಟಿದ ತಂಗಿಯ ಅರ್ಜಿ ಇತ್ತು.

ಅರ್ಜಿದಾರರ ಪಟ್ಟಿ ಬೆರಳಚ್ಚು ಮಾಡುತ್ತಿದ್ದವನು ನಾನಾದ್ದರಿಂದ ನನಗೆ ಗೊತ್ತಿತ್ತು. ತಂಗಿ ಜಮಖಂಡಿ ಕಡೆಯ ಒಂದು ಹಳ್ಳಿಯಲ್ಲಿ ನರ್ಸು. ಗಂಡನ ಮನೆ ಬಾದಾಮಿ ಹತ್ತಿರ, ಮಹಾಕೂಟದ ಆಚೆ. ಗಂಡನಿಗೆ ಅಲ್ಲಿ ತೆಂಗಿನಕಾಯಿ, ಊದುಬತ್ತಿಯ ಅಂಗಡಿ. ಚಿಕ್ಕ ಮಗ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದ. ಬಾದಾಮಿ ತಾಲೂಕಿಗೆ ಬರಲು ಆಕೆಗೆ ಹಕ್ಕಿತ್ತು, ಸೇವೆಯೂ ಸಾಕಷ್ಟಾಗಿತ್ತು. ಬೇರೆ ಯಾರದೋ ತಂಗಿಯಾಗಿದ್ದರೆ ಎಂದೋ ಬಂದಿರುತ್ತಿದ್ದರು.

ಸಾಹೇಬರ ಮಗಳು ಆಗ ಐದನೆಯ ಇಯತ್ತೆ. ಇಳಕಲ್ಲಿನ ಶಾಲೆಯಲ್ಲಿ ಹೊಸದಾಗಿ ಬಂದ ಟೀಚರೊಬ್ಬರು, ಮಕ್ಕಳು ತಮ್ಮ ಅಪ್ಪನೋ ಅವ್ವನೋ ಕೆಲಸ ಮಾಡುವ ಜಾಗಕ್ಕೆ ಹೋಗಿ ನೋಡಿಕೊಂಡು ಬಂದು ತರಗತಿಯಲ್ಲಿ ಹೇಳಬೇಕು ಎಂದರು. ನೇಕಾರರ ಮಕ್ಕಳಿಗೆ ಸುಲಭ. ಎದ್ದರೆ ಮಗ್ಗ, ಕೂತರೆ ಮಗ್ಗ. ಈ ಹುಡುಗಿ ಮಾತ್ರ ಬಾಗಲಕೋಟೆಗೆ ಬರಬೇಕಾಯಿತು. ಇನ್ನೊಂದು ಷರತ್ತೂ ಇತ್ತು: ಕಚೇರಿಯ ಹಿರಿಯರನ್ನು ಕಂಡು ತಮ್ಮ ತಂದೆಯ ಕೆಲಸ ಹೇಗೆ ಎಂದು ಕೇಳಬೇಕು. ಸಾಹೇಬರು ಮನೆಯಲ್ಲಿ, "ನಮ್ಮ ಸಾಹೇಬ್ರು ಟೂರ್ ಮ್ಯಾಲ ಅದಾರವಾ," ಎಂದು ನೋಡಿದರು. ಮಗಳು, "ಹಂಗಾರ ಅವರು ಬಂದ ಮ್ಯಾಲ ಹೋಗೂಣು," ಎಂದಳು. ಆ ವಂಶದ್ದೇ ಕೂಸು.

ನಮ್ಮ ಕಡೆ ಒಬ್ಬರು ದವಾಖಾನೆಗೆ ಹೊರಟರೂ ನಾಲ್ವರು ಬಸ್ಸು ಹತ್ತುತ್ತಾರೆ. ಇದಂತೂ ಶಾಲೆಯೇ ಕಳಿಸಿದ ತಿರುಗಾಟ. ಮಗಳ ಜೊತೆ ಹೆಂಡತಿ ಹೊರಟರು. ವಿಷಯ ತಿಳಿದು ತಂಗಿಯೂ ರಜೆ ಹಾಕಿ ಜಮಖಂಡಿ ಕಡೆಯಿಂದ ನೇರವಾಗಿ ಬಾಗಲಕೋಟೆಗೆ ಬರುತ್ತೇನೆ ಎಂದರು. ಕಚೇರಿ ನೋಡಿ, ನವನಗರದ ಉದ್ಯಾನದಲ್ಲಿ ಊಟ ಮಾಡಿ, ಐಸ್‌ಕ್ರೀಮ್ ತಿಂದು, ಹಿನ್ನೀರು ನೋಡಿಕೊಂಡು ವಾಪಸು ಹೋಗುವುದು ಎಂದು ನಿಶ್ಚಯವಾಯಿತು.

ಹಿಂದಿನ ದಿನ ಸಾಹೇಬರು ನಮ್ಮನ್ನೆಲ್ಲ ಕೂಡಿಸಿ ಪರಿಸ್ಥಿತಿ ವಿವರಿಸಿದರು. ಕೋಣೆಯ ಬಾಗಿಲಲ್ಲಿದ್ದ ಹೆಸರಿನ ಫಲಕವನ್ನು ಚಾಚಾ ಸ್ಕ್ರೂ ತಿರುಗಿಸಿ ಬಿಚ್ಚಿದರು. ವರಾಂಡದ ಗೋಡೆಯ ಮೇಲೆ ಈ ಹುದ್ದೆಯಲ್ಲಿ ಇದ್ದವರ ಹೆಸರುಗಳ ಸಾಲಿತ್ತು. ಕೊನೆಯ ಹೆಸರಿನ ಮೇಲೆ ಒಂದು ಸಹಕಾರಿ ಸಂಘದ ಕ್ಯಾಲೆಂಡರ್ ತೂಗುಹಾಕಿದೆವು. ಉಳಿದದ್ದು ಕುರ್ಚಿ. ಖಾಯಂ ನೌಕರರಲ್ಲಿ ಯಾರೂ ಕೂರಲು ಒಪ್ಪಲಿಲ್ಲ. ನಾಳೆ ಯಾರಾದರೂ ಮೇಲಕ್ಕೆ ಬರೆದರೆ? ಕೊನೆಗೆ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಕನ್ನಡಕ ಇತ್ತು, ಇಸ್ತ್ರಿ ಅಂಗಿ ಇತ್ತು, ಕೆಲಸ ಹೋದರೆ ದೊಡ್ಡ ನಷ್ಟವೇನೂ ಇರಲಿಲ್ಲ.

"ನೀ ಏನೂ ಮಾತಾಡಬ್ಯಾಡ," ಎಂದರು ಸಾಹೇಬರು. "ಏನ್ ಕೇಳಿದ್ರೂ ನೋಡೂಣು ಅನ್ನು."

ಹತ್ತೂವರೆಗೋ ಹನ್ನೊಂದಕ್ಕೋ ಅವರು ಬಂದರು. ಮುಂದೆ ಎರಡು ಜಡೆಯ ಮಗಳು, ಹಿಂದೆ ಹೊಸ ಇಳಕಲ್ ಸೀರೆ ಉಟ್ಟ ತಾಯಿ, ಕೈಯಲ್ಲಿ ರೊಟ್ಟಿಯ ಗಂಟು ಹಾಗೂ ದಾರಿಯಲ್ಲಿ ಅಮೀನಗಡದಲ್ಲಿ ಕೊಂಡ ಕರದಂಟಿನ ಡಬ್ಬಿ. ಎಲ್ಲರ ಹಿಂದೆ ತಂಗಿ, ಬಸ್ಸಿನ ದಣಿವಿನ ಮುಖ. ಹಣೆಯಲ್ಲಿ ಹಳದಿ ಭಂಡಾರ.

ಸಾಹೇಬರು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದವರು ಎದ್ದು ನಿಂತರು. ಹೆಂಡತಿ ಅವರನ್ನು ನೋಡಿ, ನನ್ನನ್ನು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಕೆಗೆ ಎಲ್ಲ ಗೊತ್ತಿತ್ತು ಎಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. "ಸಾಹೇಬ್ರ, ಇವರು ಮನ್ಯಾಗ ಹೇಳಿದ ಮಾತ ಕೇಳೂದಿಲ್ಲ. ಇಲ್ಲೆರೆ ಕೇಳ್ತಾರೇನ್ರಿ?" ಎಂದರು.

ಚಾಚಾ ಈ ನಾಟಕದಲ್ಲಿ ನಮಗೆಲ್ಲರಿಗಿಂತ ಆಳವಾಗಿ ಇಳಿದಿದ್ದರು. ಸಾಹೇಬರ ಕಡೆ ತಿರುಗಿ, "ಏನ್ರೀ, ಗೊಂಬಿಗತೆ ನಿಂತೀರಲ್ಲ! ಸಾಹೇಬ್ರಿಗೆ ನೀರ್ ಯಾರ್ ತರಬೇಕು? ಎಲ್ಲಾ ನಾನಾ ಹೇಳಬೇಕೇನು?" ಎಂದು ಗದರಿದರು. ಸಾಹೇಬರು ಓಡಿಹೋಗಿ ನೀರು ತಂದಿಟ್ಟು ನನ್ನ ಕುರ್ಚಿಯ ಪಕ್ಕ ನಿಂತರು. ಆ ಒಂದು ಲೋಟ ನೀರಿಗಾಗಿಯೇ ಚಾಚಾ ಇಷ್ಟು ವರ್ಷ ನೌಕರಿ ಮಾಡಿದಂತಿತ್ತು.

ಮಗಳು ನನ್ನೆದುರು ಬಂದು ಕೈಕಟ್ಟಿ ನಿಂತಳು.

"ಸರ್, ನಮ್ಮ ಅಪ್ಪಾರು ಕೆಲಸ ಹೆಂಗ ಮಾಡ್ತಾರ್ರಿ?"

"ಚಲೋ ಮಾಡ್ತಾರವಾ."

"ಸಿಟ್ಟಿಗೇಳ್ತಾರೇನ್ರಿ?"

"ಇಲ್ಲ."

"ಮನ್ಯಾಗ ಏಳ್ತಾರ್ರಿ."

"ಏ, ಅದನ್ನೇನ್ ಸಾಲ್ಯಾಗ ಕೇಳ್ಕೊಂಡ ಬಾ ಅಂದಿಲ್ಲ," ಎಂದರು ತಾಯಿ.

ಹುಡುಗಿ ಸ್ಟೂಲನ್ನೂ ನಾನು ಕೂತ ಕುರ್ಚಿಯನ್ನೂ ಒಮ್ಮೆ ಅಳೆದು ನೋಡಿ, "ಅವರಿಗೂ ಇಂಥಾ ಕುರ್ಚಿ ಯಾವಾಗ ಕೊಡ್ತೀರಿ?" ಎಂದಳು.

ಸಾಹೇಬರು ಗೋಡೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. "ನೋಡೂಣು," ಎಂದೆ. ಹೇಳಿಕೊಟ್ಟದ್ದನ್ನು ಹೇಳಿದೆನೋ, ಆ ಕುರ್ಚಿಯೇ ಹೇಳಿಸಿತೋ.

ಇಷ್ಟಕ್ಕೇ ಮುಗಿಯಬೇಕಿತ್ತು. ಹೆಂಡತಿ ಕರದಂಟಿನ ಡಬ್ಬಿ ಟೇಬಲ್ಲಿನ ಮೇಲಿಟ್ಟರು. ಆಗ ತಂಗಿ ಮುಂದೆ ಬಂದರು.

"ಸಾಹೇಬ್ರ, ನಂದೊಂದ ಮಾತೈತ್ರಿ."

ಅಣ್ಣ ತಡೆದರು. "ಏ ತಂಗೀ, ಸಾಹೇಬ್ರಿಗೆ ಭಾಳ ಕೆಲಸ ಅದಾವ. ನಡೀರಿ, ಊಟದ ಹೊತ್ತಾತು."

"ನೀ ಸುಮ್ಮಿರೋ ಅಣ್ಣಾ. ನೀ ಕ್ಲರ್ಕು. ನಾ ಸಾಹೇಬ್ರ ಕೂಡ ಮಾತಾಡಾಕತ್ತೇನಿ."

ತಂಗಿ ಅಳಲಿಲ್ಲ, ದನಿ ಏರಿಸಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಸ್ಥಿತಿ ವರದಿ ಮಾಡುವವರ ಹಾಗೆ ಹೇಳಿದರು.

"ಬಾದಾಮಿಗೆ ಹಾಕ್ರಿ ಅಂತ ಅರ್ಜಿ ಮ್ಯಾಲ ಅರ್ಜಿ ಕೊಟ್ಟೇನ್ರಿ. ನನ್ನ ಹಿಂದಿಂದ ಸೇರಿದವ್ರು ಬಂದ ಕುಂತಾರ. ನನಗ ವಶೀಲಿ ಮಾಡೋರು ಯಾರೂ ಇಲ್ಲ. ಇದ್ದೊಬ್ಬ ಅಣ್ಣ ಕ್ಲರ್ಕ್ ಅದಾನ. ಇವತ್ತ ಸಿಕ್ಕ ರಜಾದಾಗ ಮಗನ ಕಡೆ ಹೋಗೂದ ಬಿಟ್ಟ ಇಲ್ಲೆ ಬಂದೇನಿ. ಹ್ವಾದ ಸಲ ಹೋದಾಗ ಆ ಕೂಸು ಅವರ ಅಜ್ಜಿ ಸೆರಗಿನ ಹಿಂದ ನಿಂತು, 'ಆಯಿ, ಆಂಟಿ ಬಂದಾರ' ಅಂತು. ನನಗೇನ್ ಹೆಚ್ಚಿಂದು ಬ್ಯಾಡ್ರಿ. ಗುರ್ತ ಇಲ್ಲದವ್ರಿಗೆ ಎಷ್ಟ ಮಾಡ್ತೀರಿ, ನನಗೂ ಅಷ್ಟ ಮಾಡ್ರಿ."

ಆಗ ಆಕೆ ನೋಡುತ್ತಿದ್ದದ್ದು ಯಾರನ್ನು? ಅದೇ ಇಲಾಖೆಯ ನರ್ಸಿಗೆ ತನ್ನ ಅಣ್ಣ ಯಾವ ಕುರ್ಚಿಯಲ್ಲಿದ್ದಾನೆ ಎಂದು ತಿಳಿಯದೆ ಇರಲು ಸಾಧ್ಯವೇ? ತರ್ಕ ಸಾಧ್ಯವಿಲ್ಲ ಎನ್ನುತ್ತದೆ. ಆದರೆ ನಾನು ಆ ಕ್ಷಣ ಟೇಬಲ್ಲಿನ ಗಾಜನ್ನು ನೋಡುತ್ತಿದ್ದೆನೆಂಬುದೂ ನೆನಪಿದೆ. ಗಾಜನ್ನು ನೋಡುತ್ತಿದ್ದವನಿಗೆ ಆಕೆಯ ಕಣ್ಣು ಕಂಡದ್ದು ಹೇಗೆ?

ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ, "ನೋಡೂಣು ಅನಬ್ಯಾಡ್ರಿ," ಎಂದರು. ಸೆರಗಿನ ಗಂಟು ಬಿಚ್ಚಿ ಚಿಟಿಕೆ ಭಂಡಾರ ತೆಗೆದು ನನ್ನ ಮುಂದೆ ಹಿಡಿದರು. ಬೀರಪ್ಪನ ಗುಡಿಯ ಅರಿಶಿನ ಅದು. ಅಂಗೈಯಲ್ಲಿ ಅದನ್ನು ಹಿಡಿದು ಆಡಿದ ಮಾತನ್ನು ಅವರ ಬಳಗದಲ್ಲಿ ಯಾರೂ ತಪ್ಪುವುದಿಲ್ಲ. ನನ್ನ ಕೈ ಟೇಬಲ್ಲಿನ ಕೆಳಗೇ ಉಳಿಯಿತು. ನಾನು ಇದನ್ನೆಲ್ಲ ನಂಬುವುದಿಲ್ಲ ಎಂದು ಗೊಣಗಿದೆ ಎಂದುಕೊಂಡಿದ್ದೇನೆ. ನಂಬದವನಾಗಿದ್ದರೆ ಕೈ ಚಾಚಲು ಏನು ಅಡ್ಡಿ ಇತ್ತು?

"ನೀವು ನಂಬದಿದ್ರ ಬ್ಯಾಡ ಬಿಡ್ರಿ," ಎಂದರು ತಂಗಿ. "ನಂಬೋರು ಇಲ್ಲೇ ಅದಾರ. ಅಣ್ಣಾ, ನೀ ಹಿಡಿ. ನನ್ನ ಫೈಲು ತಳದಾಗಿಂದ ಎತ್ತಿ ಸಾಹೇಬ್ರ ಮುಂದ ಇಡ್ತೇನಿ ಅಂತ ಹಿಡಿ. ಮುಂದಿಂದು ಸಾಹೇಬ್ರಿಗೆ ಬಿಟ್ಟದ್ದು. ಕ್ಲರ್ಕ್ ಅಷ್ಟರೆ ಮಾಡಬೋದಲ್ಲ?"

ತಳದಲ್ಲಿದೆ ಎಂದು ಆಕೆಗೆ ಯಾರು ಹೇಳಿದ್ದರು? ಸಾಹೇಬರು ಬಲಗೈ ಚಾಚಿದರು. ತಂಗಿ ಭಂಡಾರ ಸುರಿದು, ಅವರ ಬೆರಳುಗಳನ್ನು ತಾವೇ ಮಡಚಿದರು. ಮಗಳಿಗೆ ಇಡೀ ಭೇಟಿಯಲ್ಲಿ ಇಷ್ಟವಾದದ್ದು ಇದೇ. ತರಗತಿಯಲ್ಲಿ, ಅಪ್ಪನ ಕಚೇರಿಯಲ್ಲಿ ಎಲ್ಲ ಕೆಲಸವೂ ಭಂಡಾರ ಹಿಡಿದೇ ನಡೆಯುತ್ತದೆ ಎಂದು ಹೇಳಿದಳಂತೆ. ಟೀಚರಿಗೆ ಮೆಚ್ಚುಗೆಯಾಯಿತಂತೆ.

ಮಧ್ಯಾಹ್ನ ಉದ್ಯಾನದಲ್ಲಿ ಊಟಕ್ಕೆ ನನ್ನನ್ನೂ ಕರೆದರು, ಸಾಹೇಬರಲ್ಲವೇ. ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮೊದಲ ರೊಟ್ಟಿ ನನಗೆ ಬಡಿಸಿದರು. ಹೆಂಗಸರು ಮಗಳನ್ನು ಜೋಕಾಲಿಗೆ ಕರೆದುಕೊಂಡು ಹೋದಾಗ ಸಾಹೇಬರು ಬಲಗೈಯನ್ನು ನಳದ ಕೆಳಗೆ ಮತ್ತೆ ಮತ್ತೆ ತೊಳೆದುಕೊಂಡು ಬಂದು ನನ್ನ ಪಕ್ಕ ಕೂತರು. ಅಂಗೈಯ ಗೆರೆಗಳಲ್ಲಿ ಹಳದಿ ಉಳಿದೇ ಇತ್ತು.

"ಎಂ.ಎ. ಮಾಡಿದಾಂವ ನೀ. ಹೇಳು ನೋಡೂಣು," ಎಂದರು. "ತಂಗೀದು ನಾ ಮಾಡಿದ್ರ ವಶೀಲಿ ಆಗ್ತೈತಿ. ಮಾಡದಿದ್ರ?"

"ಮಾಡದಿದ್ದರೂ ವಶೀಲಿನೇ ಸರ್. ಅಂಗಿ ಒಳಗ ಹೊರಗ ಮಾಡಿ ಹಾಕ್ಕೊಂಡಂಗ," ಎಂದೆ. ಇದನ್ನು ಆಗಲೇ ಹೇಳಿದೆನೋ, ಆಮೇಲೆ ಬಸ್ಸಿನಲ್ಲಿ ಹೊಳೆದದ್ದನ್ನು ಅಲ್ಲಿ ಸೇರಿಸಿಕೊಂಡಿದ್ದೇನೋ. ಇಂಥ ಒಳ್ಳೆಯ ಮಾತು ನನಗೆ ಸಮಯಕ್ಕೆ ಹೊಳೆದದ್ದು ಕಡಿಮೆ. ಅವರ ಉತ್ತರ ಮಾತ್ರ ಚೆನ್ನಾಗಿ ನೆನಪಿದೆ. ಜೋಕಾಲಿಯ ಕಡೆ ನೋಡುತ್ತ, "ನನಗ ಸಾಹೇಬ್ರ ಮುಂದ ಇಡು ಅಂದಾಳ. ನಾನ ಸಾಹೇಬ ಇದ್ರ ಯಾರ ಮುಂದ ಇಡ್ಲಿ?" ಎಂದರು.

ಆ ವಾರವೇ ನಾನು ಆ ಕೆಲಸ ಬಿಟ್ಟೆ. ಹುನಗುಂದದಲ್ಲಿ ಅತಿಥಿ ಉಪನ್ಯಾಸಕನಾದೆ, ಅದನ್ನೂ ಬಿಟ್ಟೆ. ತಂಗಿಗೆ ಬಾದಾಮಿ ತಾಲೂಕಿಗೆ ವರ್ಗವಾಯಿತು ಎಂದು ಯಾರೋ ಹೇಳಿದರು. ಕೊನೆಗೂ ದೇವರಿಗೆ ಹೆದರಿ ನಿಯಮ ಮುರಿದರು ಎಂದು ಒಬ್ಬ ಗೆಳೆಯ. ಮುಂಚೆಯೇ ಮುರಿದಿದ್ದ ನ್ಯಾಯವನ್ನು ಸರಿಮಾಡಿದರು ಎಂದು ಇನ್ನೊಬ್ಬ. ನಾನು ಕೇಳುವವರನ್ನು ನೋಡಿ ಎರಡನ್ನೂ ಹೇಳುತ್ತ ಬಂದೆ.

ಫ್ಲೆಕ್ಸಿನ ಫೋಟೊ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಆಗ ಸಾಹೇಬರ ಕೈಕೆಳಗಿನ ಹುದ್ದೆಯಲ್ಲಿದ್ದು, ಆ ಭೇಟಿಯ ದಿನ ರಜೆಯಲ್ಲಿದ್ದ ಮೇಡಂ ಒಬ್ಬರು ಈಗ ನಿವೃತ್ತರಾಗಿ ಬಾದಾಮಿಯಲ್ಲಿದ್ದಾರೆ. ಹೋಗಿ ಕೇಳಿದೆ. ತಂಗಿಯ ಕಡತಕ್ಕೆ ಸಾಹೇಬರು ಸಹಿ ಹಾಕಲಿಲ್ಲ ಎಂದರು ಮೇಡಂ. ಭೇಟಿಯಾದ ಮುಂದಿನ ವಾರ ಒಂದು ದಿನ ರಜೆ ಹಾಕಿ ಅಧಿಕಾರವನ್ನು ತಮಗೆ ವಹಿಸಿದ್ದರು; ಆ ದಿನದ ಮಟ್ಟಿಗೆ ಮೇಡಮೇ ಸಾಹೇಬರು. ಬೆಳಿಗ್ಗೆ ಕೋಣೆಗೆ ಹೋದರೆ ಟೇಬಲ್ಲು ಖಾಲಿ, ಮೇಲೆ ಒಂದೇ ಒಂದು ಕಡತ. "ಯಾರದು ಅಂತನೂ ನನಗ ಗೊತ್ತಿರಲಿಲ್ರಿ. ಓದಿದೆ, ಎಲ್ಲಾ ಬರೋಬರಿ ಇತ್ತು, ಮಾಡಬಹುದು ಅಂತ ಬರದು ಕಳಿಸಿದೆ," ಎಂದರು. ಆ ದಿನ ಸಾಹೇಬರು ಎಲ್ಲಿಗೆ ಹೋಗಿದ್ದರು ಎಂದೆ. ಎಲ್ಲಿಗೂ ಇಲ್ಲ, ಕಚೇರಿ ಎದುರಿನ ಕಟಿಂಗ್ ಅಂಗಡಿಯಲ್ಲಿ ಕೂತದ್ದು ಕಿಟಕಿಯಿಂದ ಕಾಣುತ್ತಿತ್ತು ಎಂದರು.

ಇದು ಕಥೆಗೆ ತೀರಾ ಚೆನ್ನಾಗಿ ಒಪ್ಪಿದ್ದರಿಂದ ನಾನು ನಂಬಲಿಲ್ಲ. ವಾಪಸು ಬರುವಾಗ ನವನಗರದಲ್ಲಿ ಇಳಿದೆ. ಅಂಗಡಿ ಇನ್ನೂ ಇದೆ, ಅದೇ ಮನುಷ್ಯ ಇದ್ದಾನೆ. ಕೇಳಿದಾಗ ಕತ್ತರಿ ನಿಲ್ಲಿಸಿ ನೆನಪು ಮಾಡಿಕೊಂಡು ಹೇಳಿದ: ಹೌದು, ಒಂದು ದಿನ ಸಾಹೇಬರು ಬೆಳಿಗ್ಗೆಯೇ ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದರು, ಕಟಿಂಗ್ ಇಲ್ಲ, ದಾಡಿ ಇಲ್ಲ, ಸಂಜೆ ಮೇಡಂ ಬಾಗಿಲು ಹಾಕಿಸಿ ಮೆಟ್ಟಿಲು ಇಳಿಯುವ ತನಕ ಎದ್ದಿರಲಿಲ್ಲ.